ಮನಿಯವರನ್ನ ಕರಕೊಂಡು ಬರ್ರಿ

ಗುರುವಾರ ಮುಂಜಾನೆ ಕರೆಮ್ಮ ಗಂಡನ್ನ ಬಚ್ಚಲದಾಗ ಕುಂಡ್ರಿಸಿ, ಎಮ್ಮಿ ತೊಳದಂಗ ತಿಕ್ಕಿ ತೊಳದಳು. ತಲಿ ಬಾಚಿ, ಒಗೆದ ಅಂಗಿ ತೊಡಿಸಿ, ರೆಟ್ಟಿ ಹಿಡಿದು ಮಾನ್ವಿಯಿಂದ ರಾಯಚೂರು ಬಸ್ ಹತ್ತಿಸಿದಳು. ಯಮನೂರಪ್ಪ ಅಕ್ಕಿ ಮಿಲ್ಲಿನ ಹಮಾಲ. ಕ್ವಿಂಟಲ್ ಚೀಲ ಹೊರತಿದ್ದವ, ಈಗ ಚಾದ ಕಪ್ಪು-ಬಸಿ ಎತ್ತಿದ್ರ ಅವನ ಕೈಯಾಗ ಕುಣೀತಿದ್ವು. ಈಚಲ ಗಿಡದಿಂದ ಇಳಿಸಿದ ಸೇಂದಿ ಇವನ ತಲಿಗೆ ಏರಿ ಕುಂತು ಆರು ವರ್ಷ ಆಗಿತ್ತು. ಕರೆಮ್ಮಗ ಸಾಕಾಗಿ ಹೋಗಿತ್ತು. ಈ ಸಲ ಅವ ಸೇಂದಿ ಬಿಡಬೇಕು, ಇಲ್ಲಾ ತಾನು ಅವನ್ನ ಬಿಟ್ಟು ಗೂಗಲ್ ಹಳ್ಳ್ಯಾಗಿನ ತವರುಮನಿ ಹಿಡೀಬೇಕು. ಬಿಡೋದಂತೂ ಖರೆ, ಯಾರು ಏನು ಬಿಡತಾರ ಅನ್ನೋದಷ್ಟ ಬಾಕಿ.

ದವಾಖಾನಿ ಡಾಕ್ಟರ್ ಮೈಸೂರು ಕಡಿಯವರು, ಪಾಪ, ಊರಿಗೆ ಹೊಸಬರು. ಎರಡು ಸಲ ಗುಳಿಗಿ ಕೊಟ್ಟಿದ್ರು. ಎರಡು ಸಲಾನೂ ಯಮನೂರಪ್ಪ ಹದಿನೈದು ದಿನ ನೆಟ್ಟಗಿದ್ದು ಹದಿನಾರನೇ ದಿನಕ್ಕ ಸೊಟ್ಟಗಾಗಿದ್ದ. ಹೋದ ವಾರ ಕರೆಮ್ಮ ಒಬ್ಬಾಕಿನ ಬಂದು ಅತ್ತಾಗ, ಬರೋ ಗುರುವಾರ ಮನೆಯವರನ್ನ ಕರ್ಕೊಂಡು ಬನ್ನಿ ಅಂದಿದ್ರು.

ಈಗ ಡಾಕ್ಟರ್ ಬಾಗಿಲ ಕಡಿ ಹಣಿಕಿ ಹಾಕಿ ಕೇಳಿದ್ರು, "ಮನೆಯವರೆಲ್ಲಮ್ಮ?"

"ಇಲ್ಲೇ ಕುಂತಾರಲ್ರಿ," ಅಂತ ಕರೆಮ್ಮ ಗಂಡನ ಕಡಿ ಕೈ ಮಾಡಿದಳು. ಗಂಡನ ಹೆಸರು ಬಾಯಾಗ ತರಬಾರದು ಅಂತ, ಮದುವಿ ಆದಾಗಿಂದ ಆಕಿಗೆ ಅವ ಮನಿಯವರು.

ಡಾಕ್ಟರ್ ಹಣಿ ಹಿಡಕೊಂಡು, ಮನೆಯವರು ಅಂದ್ರ ಮನಿಯಾಗ ಇರೋರೆಲ್ಲ, ಅತ್ತಿನೂ ಬರಬೇಕು ಅಂತ ಬಿಡಿಸಿ ಹೇಳಿದ್ರು.

ಕರೆಮ್ಮಗ ಪಿತ್ತ ನೆತ್ತಿಗೇರಿತು. "ಕುಡದವ್ರು ಒಬ್ರು, ಗುಳಿಗಿ ಮನಿಮಂದಿಗೆಲ್ಲಾ ಏನ್ರಿ?"

"ಗುಳಿಗೆ ಅವರಿಗೆ. ಮಾತು ಎಲ್ರಿಗೂ."

ಮುಂದಿನ ಗುರುವಾರ ಮೂರು ಟಿಕೀಟು. ಅತ್ತಿ ಮುದುಕಮ್ಮ ಬಸ್ಸಿನ ತುಂಬ ಗೊಣಗಿದಳು, ತಾನು ಒಂದು ಅಡಿಕಿ ಹೋಳೂ ಬಾಯಿಗೆ ಹಾಕಿದಾಕಿ ಅಲ್ಲ, ತನಗ್ಯಾಕ ದವಾಖಾನಿ ಅಂತ. ಡಾಕ್ಟರ್ ಆಕಿ ನಾಡಿ ಹಿಡೀಲಿಲ್ಲ. ಮುಂಜಾನೆ ಮಗನ ಕೈ ನಡುಗಿದ್ರ ಏನ್ ಮಾಡ್ತೀರಿ ಅಂತ ಕೇಳಿದ್ರು.

ಮುದುಕಮ್ಮ ಛತ್ತ ನೋಡಿದಳು, ಸೊಸಿನ್ನ ನೋಡಿದಳು, ಸೆರಗಿಗೆ ಗಂಟು ಹಾಕಿದಳು. "ನೋಡಲಾರದ ಒಂದ್ ಗ್ಲಾಸ್ ಸೇಂದಿ ಕೊಡತೀನಪ್ಪಾ. ಮಜ್ಜಿಗಿ ಗಡಿಗ್ಯಾಗ ಇಟ್ಟಿರತೀನಿ. ಎರಡೂ ಬೆಳ್ಳಗ ಇರತಾವಲ್ಲ, ಯಾರಿಗೂ ತಿಳಿಯಂಗಿಲ್ಲ."

ಮನಿಯಾಗ ಎಮ್ಮಿ ಇಲ್ಲ, ಮಜ್ಜಿಗಿಗೆ ಕಮ್ಮಿ ಇಲ್ಲ. ಇಷ್ಟು ದಿನ ಇದು ತನ್ನ ತಲಿಗೆ ಹೊಳೀಲಿಲ್ಲಲ್ಲ ಅಂತ ಕರೆಮ್ಮ ಎದ್ದು ನಿಂತು ಬಾಯಿ ತೆರೆದಳು. ಅಷ್ಟರಾಗ ಡಾಕ್ಟರ್ ಆಕಿ ಕಡಿ ತಿರುಗಿ, "ನೀವಮ್ಮ? ಇವರು ಕೆಲಸಕ್ಕೆ ಹೋಗದಿದ್ದ ದಿನ ಮಿಲ್ಲಿನಲ್ಲಿ ಏನು ಹೇಳ್ತೀರಿ?" ಅಂದ್ರು.

ಕರೆಮ್ಮ ತೆರೆದ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸೋಮವಾರಕ್ಕೊಮ್ಮಿ ಆಕಿ ಮಿಲ್ಲಿನ ಮೇಸ್ತ್ರಿ ವಲಿ ಪಾಷಾನ ಮುಂದ ನಿಂತು, ಮನಿಯವರಿಗೆ ಜ್ವರ ಅಂತಿದ್ದಳು. ನಿನ್ನ ಗಂಡನ ಜ್ವರಕ್ಕ ಕ್ಯಾಲೆಂಡರ್ ಓದಾಕ ಬರತದ ನೋಡು ಅಂತ ಅವನೂ ಒಮ್ಮಿ ನಕ್ಕಿದ್ದ.

ಅಲ್ಲೀತನಕ ನೆಲ ನೋಡತಿದ್ದ ಯಮನೂರಪ್ಪ ಸಣ್ಣ ದನಿಯಾಗ ಅಂದ, "ಅವ್ವ ಮಜ್ಜಿಗಿ ಅಂತಾಳ, ಇಕಿ ಜ್ವರ ಅಂತಾಳ. ನಾ ಕುಡದೀನಿ ಅಂತ ಯಾರ ಮುಂದೂ ಯಾರೂ ಅನ್ನಂಗಿಲ್ಲ. ಮತ್ತ ನನಗ್ಯಾಕ್ರಿ ಬಿಡೋ ಅವಸರ?"

ಆ ಮಾತಿಗೆ ಕರೆಮ್ಮ ಕುಂತಳು. ಸೋಮವಾರ ಬಂದು ಎಂಟು ದಿನ ಇಲ್ಲೇ ಇರಬೇಕು, ಒಮ್ಮೆಲೇ ಬಿಟ್ರ ಜೀವಕ್ಕ ಅಪಾಯ, ಮನಿಯವರೂ ಜೋಡಿ ಇರಬೇಕು ಅಂತ ಡಾಕ್ಟರ್ ಹೇಳಿ ಕಳಿಸಿದ್ರು.

ಸೋಮವಾರ ನಸುಕಿನ್ಯಾಗ ಮುದುಕಮ್ಮ ಗಡಿಗಿಯೊಳಗಿನದು ಬಚ್ಚಲಕ್ಕ ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಅಂಗಳದಾಗ ಬೋರಲ ಹಾಕಿದಳು. ಬಸ್ಸಿಗೆ ಹೋಗೋ ದಾರ್ಯಾಗ ಕರೆಮ್ಮ ಮಿಲ್ಲಿನ ಒಳಗ ಹೋದಳು.

"ಜ್ವರ?" ಅಂದ ವಲಿ ಪಾಷಾ, ಹಾಜರಿ ಪುಸ್ತಕದಿಂದ ತಲಿ ಎತ್ತದ.

"ಜ್ವರ ಅಲ್ರಿ. ಸೇಂದಿ. ಎಂಟು ದಿನ ದವಾಖಾನ್ಯಾಗ ಇರತೀವಿ. ಪುಸ್ತಕದಾಗ ಹೆಸರು ಉಳಸತೀರೋ, ಗೀಟು ಹೊಡದು ತಗೀತೀರೋ, ನಿಮಗ ಬಿಟ್ಟದ್ದು."

ಮೇಸ್ತ್ರಿಯ ಪೆನ್ಸಿಲ್ ಹೆಸರಿನ ಮ್ಯಾಲ ಬಂದು ನಿಂತು, ಒಂದ್ ಗಳಿಗಿ ಅಲ್ಲೇ ಇದ್ದು, ಮೆಲ್ಲಕ ಅವನ ಕಿವಿ ಸಂದಿಗೆ ಏರಿತು.

"ಇರತೀವಿ ಅಂದ್ರ ಯಾರ್ಯಾರು?"

ಗೇಟಿನ ಹೊರಗ ಮುದುಕಮ್ಮ ಮಗನ ನಡುಗೋ ಕೈಯನ್ನ ತನ್ನ ಎರಡೂ ಕೈಯಾಗ ಹಿಡಕೊಂಡು ನಿಂತಿದ್ದಳು.

"ಮನಿಯವರು," ಅಂದಳು ಕರೆಮ್ಮ.