ಹೊರಗೆ ಈಗ ಹಗಲೋ ರಾತ್ರಿಯೋ

ಗಾಜಿನ ಲೋಟಕ್ಕೆ ಕಾಗದ ಸುತ್ತುವುದಕ್ಕೂ ಒಂದು ಕ್ರಮವಿದೆ. ಮೊದಲು ಹಾಳೆಯನ್ನು ಅಂಗೈಯಲ್ಲಿ ಚೆನ್ನಾಗಿ ಮುದುರಬೇಕು. ಮುದುರಿದ್ದನ್ನು ಮತ್ತೆ ಬಿಡಿಸಬೇಕು. ಆಮೇಲೆ ಸುತ್ತಬೇಕು. ಗರಿಗರಿ ಕಾಗದ ಗಾಜನ್ನು ಕಾಯುವುದಿಲ್ಲ. ಪೆಟ್ಟು ತಡೆಯುವುದು ಸುಕ್ಕಾದ ಕಾಗದವೇ. ಪಾತ್ರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅರ್ಧ ಆಯುಸ್ಸು ಇದನ್ನೇ ಮಾಡಿದ ಆ ಹೆಂಗಸಿಗೆ ಕಣ್ಣು ಮುಚ್ಚಿಕೊಂಡರೂ ಈ ಕೆಲಸ ಬರುತ್ತಿತ್ತು. ಬರುತ್ತಿತ್ತು ಅಂದರೆ, ಓದುವುದು ಬರುವ ತನಕ.

ಸಂಜೆ ಶಾಲೆಗೆ ಸೇರಿ ಅಕ್ಷರ ಕೂಡಿಸಿ ಓದುವುದನ್ನು ಕಲಿತ ಮೇಲೆ ಕೆಟ್ಟಿತು ನೋಡಿ. ಅಷ್ಟು ವರ್ಷ ತೆಪ್ಪಗೆ ಬಿದ್ದುಕೊಂಡಿದ್ದ ಹಳೇ ಪೇಪರುಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟವು. ಮುದುರಿ ಬಿಡಿಸಿದ ಕೂಡಲೇ ಸುಕ್ಕಿನ ನಡುವಿನಿಂದ ಯಾರೋ ‘ಇಲ್ಲಿ ನೋಡು’ ಅಂದಂತೆ. ಎಲ್ಲೋ ಸೇತುವೆ ಕುಸಿದಿದೆ. ಇನ್ನೆಲ್ಲೋ ಮುದುಕನೊಬ್ಬ ಹಲ್ಲಿಲ್ಲದ ಬಾಯಲ್ಲಿ ನಗುತ್ತ ಹೊಳೆ ಈಜಿ ದಾಟಿದ್ದಾನೆ. ದಾರಿ ತಪ್ಪಿದ ಹಕ್ಕಿಗಳ ಹಿಂಡು ಯಾವುದೋ ಆಟದ ಮೈದಾನಕ್ಕೆ ಇಳಿದು ಪಂದ್ಯವೇ ನಿಂತುಹೋಗಿದೆ. ಲೋಟ ಒಂದು ಕೈಯಲ್ಲಿ, ಲೋಕ ಇನ್ನೊಂದು ಕೈಯಲ್ಲಿ ಹಿಡಿದು ಅವಳು ಹಾಗೇ ಕೂತುಬಿಡುತ್ತಿದ್ದಳು.

“ಏನಮ್ಮಾ, ಲೋಟ ಕಟ್ತಿದೀಯೋ, ಪರೀಕ್ಷೆಗೆ ಓದ್ತಿದೀಯೋ?” ಎಂದು ಬಾಗಿಲಲ್ಲಿ ತಲೆ ತೂರಿಸಿ ಕೇಳುತ್ತಿದ್ದರು ಅಂಗಡಿಯ ಯಜಮಾನರು.

“ಎರಡೂನೂ ಯಜಮಾನ್ರೇ. ಲೋಟ ನಿಮಗೆ, ಓದು ನನಗೆ.”

“ನಿಂಗೆ ಅಕ್ಷರ ಕಲಿಸಿದ ಆ ಮೇಷ್ಟ್ರು ಒಂದಿನ ನನ್ನ ಕೈಗೆ ಸಿಗಲಿ!”

ಆ ಮೇಷ್ಟ್ರು ಎಳೆಯ ಮುಖದ ಹುಡುಗ. ಸಂಜೆ ಶಾಲೆಯಲ್ಲಿ ಎಲ್ಲರಿಗೂ ಅವರವರ ಕೆಲಸದ ಹೆಸರೇ ಹೆಸರು. ಇವಳು ಗಾಜಮ್ಮ. ಟ್ಯಾಕ್ಸಿ ಓಡಿಸುವವನು ಡ್ರೈವರಣ್ಣ. ಬಟ್ಟೆ ಹೊಲಿಯುವವಳು ಹೊಲಿಗೆಯಕ್ಕ. ಶುಕ್ರವಾರ ಬಂತೆಂದರೆ ಮೇಷ್ಟ್ರು ಪುಸ್ತಕ ಮುಚ್ಚಿಸಿ ಸುದ್ದಿಯ ಪಾಠ ಮಾಡುತ್ತಿದ್ದರು. ಒಬ್ಬೊಬ್ಬರೂ ಎದ್ದು ನಿಂತು ಆ ವಾರ ತಾವು ಓದಿದ ಒಂದು ಸುದ್ದಿ ಹೇಳಬೇಕು. ಹೇಳಿ ಮುಗಿಸಿ, ‘ಇದನ್ನು ಓದಿ ನನಗೆ ಏನನ್ನಿಸಿತು’ ಎಂಬುದನ್ನೂ ಹೇಳಬೇಕು. ಈ ಎರಡನೆಯದರಲ್ಲೇ ಎಲ್ಲರ ಗಾಡಿ ಕೆಸರಿಗೆ ಇಳಿಯುತ್ತಿತ್ತು.

“ಬೇಜಾರಾಯ್ತು ಮೇಷ್ಟ್ರೇ,” ಅನ್ನುತ್ತಿದ್ದ ಡ್ರೈವರಣ್ಣ, ಯಾವ ಸುದ್ದಿಗೂ.

“ಹೋದ ವಾರಾನೂ ಬೇಜಾರೇ ಆಗಿತ್ತಲ್ಲ?”

“ಅದು ಬೇರೆ ಬೇಜಾರು. ಇದು ಬೇರೆ.”

“ಬೇಜಾರು, ಖುಷಿ ಈ ಎರಡನ್ನೂ ಬಿಟ್ಟು ಮೂರನೇದು ಒಂದು ಹುಡುಕ್ಕೊಂಡು ಬನ್ನಿ,” ಎಂದಿದ್ದರು ಮೇಷ್ಟ್ರು.

ಗಾಜಮ್ಮನಿಗೆ ಆ ಮೂರನೆಯದು ಸಿಕ್ಕಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಮುದುರಿ ಬಿಡಿಸಿದ ಹಾಳೆಯೊಂದರಲ್ಲಿ. ಹೆಸರು ಮಾತ್ರ ಗೊತ್ತಾಗಲಿಲ್ಲ.

ಅಂಗಡಿಗೆ ಕಾಗದ ತರುತ್ತಿದ್ದವನು ರದ್ದಿಯವನು. ಅವನು ತರುವುದು ಹೋದ ವಾರದ್ದು, ಹೆಚ್ಚೆಂದರೆ ಹೋದ ತಿಂಗಳದ್ದು. ಹಿಂದಿನ ಕೋಣೆಯ ಹಳದಿ ಬಲ್ಬಿನ ಕೆಳಗೆ ಹೊಸ ಕಾಗದವೂ ಹಳದಿಯೇ. ಆ ಹಾಳೆಯ ಮೇಲಂಚು ಹರಿದುಹೋಗಿತ್ತು. ಹಾಗಾಗಿ ಅವಳಿಗೆ ಯಾವ ಅನುಮಾನವೂ ಬರಲಿಲ್ಲ. ಬೆರಳಿಟ್ಟು ನಿಧಾನವಾಗಿ ಓದಿದಳು.

ದೂರದ ಒಂದು ಗಣಿ ಕುಸಿದಿದೆ. ಹನ್ನೊಂದು ಜನ ಒಳಗೇ ಉಳಿದಿದ್ದಾರೆ. ಸತ್ತರೆಂದೇ ಎಲ್ಲರೂ ಕೈ ಚೆಲ್ಲಿ, ಹೆಣವಾದರೂ ಸಿಗಲೆಂದು ನೆಲ ಕೊರೆಯುತ್ತಿದ್ದಾಗ, ಕೊಳವೆಗೆ ಕಿವಿ ಕೊಟ್ಟಿದ್ದ ಒಬ್ಬ ಕೈ ಎತ್ತಿದ್ದಾನೆ. ಯಂತ್ರಗಳೆಲ್ಲ ನಿಂತಿವೆ. ಅಳುತ್ತಿದ್ದವರೂ ಅಳು ನುಂಗಿಕೊಂಡಿದ್ದಾರೆ. ಆಗ ಕೆಳಗಿನಿಂದ ಟಕ್ ಟಕ್ ಎಂದು ಕಲ್ಲಿನ ಸದ್ದು. ಮೇಲಿನವರು ಕುಟ್ಟಿದರೆ ಕೆಳಗಿನವರೂ ಕುಟ್ಟುತ್ತಾರೆ! ಆ ಕೊಳವೆಯೊಳಗೆ ತಂತಿ ಇಳಿಸಿ ಮಾತಾಡಿಸಿದಾಗ, ಒಳಗಿನವನೊಬ್ಬ ಅನ್ನ ಕೇಳಲಿಲ್ಲ, ನೀರು ಕೇಳಲಿಲ್ಲ. ಮೊದಲು ಕೇಳಿದ ಮಾತು ಇದು: ‘ಹೊರಗೆ ಈಗ ಹಗಲೋ ರಾತ್ರಿಯೋ?’ ಮೇಲಿದ್ದ ಇಂಜಿನಿಯರಿಗೆ ತಟ್ಟನೆ ಉತ್ತರ ಹೊಳೆಯದೆ ಆತ ತಲೆ ಎತ್ತಿ ಆಕಾಶ ನೋಡಿದನಂತೆ.

ಗಾಜಮ್ಮ ಲೋಟ ಕೆಳಗಿಟ್ಟಳು. ಬಲ್ಬಿನ ಕೋಣೆಯಲ್ಲಿ ಕೂತ ತನಗೂ ಆ ಕ್ಷಣ ಹಗಲೋ ರಾತ್ರಿಯೋ ಮರೆತಂತಾಗಿ ಎದ್ದು ಬಾಗಿಲವರೆಗೆ ಹೋಗಿ ನೋಡಿಬಂದಳು. ಹಗಲೇ. ಎಷ್ಟೊಂದು ಹಗಲು! ಎದುರು ಗೋಡೆಯ ಮೇಲೆ, ಸೈಕಲ್ಲಿನ ಗಂಟೆಯ ಮೇಲೆ, ಅಂಗಡಿ ಗುಡಿಸಿದ ಧೂಳಿನ ಮೇಲೆ. ಯಾರೂ ಕೇಳದಿದ್ದರೂ ಚೆಲ್ಲಿಕೊಂಡು ಬಿದ್ದಿತ್ತು.

ಮುಂದೆ ಇನ್ನೂ ಒಂದಿಷ್ಟು ಇತ್ತು. ಒಬ್ಬರೂ ಒಳಗೆ ಉಳಿಯದಂತೆ ಹನ್ನೊಂದು ಜನವೂ ಜೀವಂತ ಹೊರಗೆ ಬಂದ ಗಳಿಗೆಯಲ್ಲಿ ಎಲ್ಲ ಊರುಗಳ ಕಾರ್ಖಾನೆಗಳೂ ಸೈರನ್ ಊದಬೇಕೆಂದು ಕಾರ್ಮಿಕರು ನಿಶ್ಚಯಿಸಿದ್ದಾರೆ. ಅವರನ್ನು ಮೇಲೆತ್ತಲು ದೊಡ್ಡ ಕೊಳವೆ ಇಳಿಸುವ ಕೆಲಸ ಭರದಿಂದ ನಡೆದಿದೆ. ‘ಎಲ್ಲವೂ ಅಂದುಕೊಂಡಂತೆ ಆದರೆ ನಾಳೆ ಹೊತ್ತೇರುವ ಮುನ್ನ…’

ಅಷ್ಟೇ. ಅಲ್ಲಿಗೆ ಹಾಳೆ ಹರಿದಿತ್ತು.

ಅವಳು ಇಡೀ ಕಟ್ಟನ್ನು ಬಿಚ್ಚಿ ಹರಡಿದಳು. ಉಳಿದರ್ಧ ಸಿಗಲಿಲ್ಲ. ಮದುವೆಯ ಆರ್ಡರಿನ ಲೋಟಗಳು ಬೆತ್ತಲೆ ನಿಂತಿದ್ದವು. ಯಜಮಾನರು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು.

“ಯಜಮಾನ್ರೇ, ಆ ಗಣಿಯವರು ಮೇಲೆ ಬಂದ್ರಾ?”

“ಯಾವ ಗಣಿ? ಯಾರು ಮೇಲೆ ಬಂದ್ರು? ನನ್ನ ಲೋಟ ಮೊದಲು ಡಬ್ಬಿ ಒಳಗೆ ಹೋಗಲಮ್ಮಾ!”

ಗಾಜಮ್ಮ ಬೆರಗಾದಳು. ನೆಲದಡಿಯಲ್ಲಿ ಹನ್ನೊಂದು ಜೀವ ಕಲ್ಲು ಕುಟ್ಟುತ್ತಿವೆ, ಈ ಮನುಷ್ಯನಿಗೆ ಲೋಟದ ಚಿಂತೆ. ಆ ದಿನವೆಲ್ಲ ಅವಳ ಕೈ ಕಾಗದದಲ್ಲಿ, ಕಿವಿ ಬೀದಿಯಲ್ಲಿ. ಈಚೆಗೆ ಸೈರನ್‌ಗಳು ಒಟ್ಟಿಗೆ ಕೂಗಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ, ಅಂದಮೇಲೆ ಆ ಕೆಲಸ ಇನ್ನೂ ಮುಗಿದಿಲ್ಲ. ಈಗ ಊದೀತು, ಇನ್ನೇನು ಊದೀತು. ಮಧ್ಯಾಹ್ನ ಊಟದ ಹೊತ್ತಿಗೆ ಗಿರಣಿಯ ಸೈರನ್ ಎಂದಿನಂತೆ ಕೂಗಿದಾಗ ಅವಳು ಧಡಕ್ಕನೆ ಎದ್ದುಬಿಟ್ಟಳು. ಬೇರೆ ಯಾವ ಕಾರ್ಖಾನೆಯೂ ದನಿಗೂಡಿಸಲಿಲ್ಲ. ಮತ್ತೆ ಕೂತಳು. ಅಂದರೆ ಅವರು ಇನ್ನೂ ಒಳಗೇ ಇದ್ದಾರೆ.

ಮನೆಯಲ್ಲಾದರೂ ಕೇಳೋಣವೆಂದರೆ ಮಗಳು ಬೆಳಿಗ್ಗೆಯೇ ಡ್ಯೂಟಿಗೆ ಹೋಗಿದ್ದಳು. ಮಗಳು ಬಸ್ ಕಂಡಕ್ಟರ್. ಅವಳು ‘ಒಳಗೆ ಹೋಗಿ’ ಅಂದರೆ ಹಿಂದಿನ ಬಸ್ಸಿನವರೂ ಒಳಗೆ ಹೋಗುತ್ತಾರೆಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ‘ಸೈರನ್’ ಎಂದು. ಆ ಹೆಸರು ಗಂಟಲಿಗೆ ಒಪ್ಪುತ್ತಿತ್ತಾದರೂ ಬಂದದ್ದು ಗಂಟಲಿನಿಂದಲ್ಲ. ಅವಳು ಹುಟ್ಟಿದ ದಿನ ಊರಲ್ಲಿ ಸೈರನ್‌ಗಳು ಕೂಗಿದ್ದವೆಂದು ಅಜ್ಜಿ, ಅಂದರೆ ಗಾಜಮ್ಮನ ಅತ್ತೆ, ಇಟ್ಟ ಹೆಸರು.

ಸಂಜೆ ಹಾಳೆಯನ್ನು ಮಡಿಸಿ ಎದೆಗೊತ್ತಿಕೊಂಡು ಶಾಲೆಗೆ ಹೋದಳು. ಡ್ರೈವರಣ್ಣ ರಸ್ತೆ ಅಗೆದ ಸುದ್ದಿ ಹೇಳಿ ಬೇಜಾರು ಮಾಡಿಕೊಂಡು ಕೂತ. ಅವಳ ಸರದಿ ಬಂತು. ಎದ್ದು ನಿಂತು, ಅಲ್ಲಲ್ಲಿ ಎಡವುತ್ತ, ಪೂರ್ತಿ ಓದಿದಳು. ‘ಹಗಲೋ ರಾತ್ರಿಯೋ’ ಬಂದಾಗ ಹೊಲಿಗೆಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಹರಿದ ಅಂಚಿಗೆ ಬಂದು ನಿಲ್ಲಿಸಿ, “ಆಮೇಲೇನಾಯ್ತು, ನಿಮಗೆ ಯಾರಿಗಾದ್ರೂ ಗೊತ್ತಾ?” ಎಂದು ಕೇಳಿದಳು.

ಡ್ರೈವರಣ್ಣ ಆಗಲೇ ಫೋನು ತೆಗೆದಿದ್ದ. “ಈಚಿನ ಸುದ್ದೀಲಿ ಇಂಥದ್ದೊಂದು ಇಲ್ವಲ್ಲ ಗಾಜಮ್ಮಾ.”

“ಸರಿಯಾಗಿ ನೋಡಪ್ಪಾ. ಹನ್ನೊಂದು ಜನ!”

ಹೊಲಿಗೆಯಕ್ಕ ಹಾಳೆ ಇಸಿದುಕೊಂಡು ತಿರುಗಿಸಿದಳು. ಹಿಂಬದಿಯಲ್ಲಿ ಟೈಪ್‌ರೈಟರಿನ ಜಾಹೀರಾತು. ಪಕ್ಕದಲ್ಲಿ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟ ಗಂಡಸೊಬ್ಬ ರೇಡಿಯೋ ಹಿಡಿದು ನಗುತ್ತಿದ್ದ.

“ಅಯ್ಯೋ ಗಾಜಮ್ಮಾ, ಈ ಕ್ರಾಪಿನವನು ಈಗ ಬೋಳುತಲೆ ಅಜ್ಜ ಆಗಿರ್ತಾನೆ!”

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರೂ ನಗು ತಡೆಯಲಾರದೆ ಹಾಳೆಯನ್ನು ಬೆಳಕಿಗೆ ಹಿಡಿದರು. “ಅಮ್ಮಾ, ಇದು ತುಂಬ ಹಳೇದು. ಯಾರದ್ದೋ ಮನೆ ಅಟ್ಟ ಖಾಲಿ ಮಾಡಿದಾಗ ರದ್ದಿಗೆ ಬಂದಿರಬೇಕು. ಆಗ ನಾನಿನ್ನೂ ಹುಟ್ಟೇ ಇರಲಿಲ್ಲ.”

ಗಾಜಮ್ಮ ನಗಲಿಲ್ಲ. ಅವಳಿಗೆ ನಾಚಿಕೆಯೂ ಆಗಲಿಲ್ಲ. ಆಗುವಷ್ಟು ಜಾಗ ಒಳಗಿರಲಿಲ್ಲ. “ಹಾಗಾದ್ರೆ ಅವರು?” ಎಂದಳು. “ಹಳೇದಾದ್ರೆ ಆಗ್ಲಿ ಮೇಷ್ಟ್ರೇ. ಅವರು ಬಂದ್ರೋ ಇಲ್ವೋ? ನನ್ನ ಪಾಲಿಗೆ ಅವರು ಬೆಳಿಗ್ಗೆಯಿಂದ ಕತ್ತಲಲ್ಲೇ ಇದಾರೆ.”

ನಗು ನಿಂತಿತು.

ಮೇಷ್ಟ್ರು ಹಾಳೆಯನ್ನು ಅಂಚಂಚಿಗೂ ಹುಡುಕಿದರು. ಹಿಂಬದಿಯ ತಳದಲ್ಲಿ ಇರುವೆ ಸಾಲಿನಂತೆ ತಾರೀಖು ಅಚ್ಚಾಗಿತ್ತು. “ಇರಿ, ತಾರೀಖು ಸಿಕ್ಕಿದ್ರೆ ಹುಡುಕೋದು ಸುಲಭ. ಡ್ರೈವರಣ್ಣಾ, ಬರ್ಕೊಳ್ಳಿ,” ಎಂದು ದಿನ, ತಿಂಗಳು, ವರ್ಷ ಗಟ್ಟಿಯಾಗಿ ಓದಿದರು.

ಗಾಜಮ್ಮ ಬೆಂಚಿನ ಅಂಚು ಹಿಡಿದುಕೊಂಡಳು.

ಸಂಜೆ ಶಾಲೆಯಲ್ಲಿ ಅಂಕಿ ಕಲಿತಾಗ ಮೊದಲು ಬರೆಯಲು ಕೇಳಿಕೊಂಡಿದ್ದು ಮಗಳು ಹುಟ್ಟಿದ ತಾರೀಖು. ಅದನ್ನು ಸ್ಲೇಟಿನ ಮೇಲೆ ಅದೆಷ್ಟು ಸಲ ತಿದ್ದಿದ್ದಳೋ. ಮೇಷ್ಟ್ರು ಈಗ ಓದಿದ್ದು ಅದರ ಹಿಂದಿನ ದಿನ.

ಆಸ್ಪತ್ರೆಯ ಉದ್ದನೆಯ ವಾರ್ಡು. ಇಡೀ ರಾತ್ರಿ ನೋವು ತಿಂದು, ಬೆಳಗಾಗುತ್ತಿದ್ದಂತೆ ಹೆತ್ತು, ಜ್ವರದಲ್ಲಿ ತೇಲುತ್ತ ಮಲಗಿದ್ದಳು. ಕೂಸು ಪಕ್ಕದಲ್ಲಿ. ಆಗ ಎಲ್ಲೋ ದೂರದಲ್ಲಿ ಒಂದು ಸೈರನ್ ಎದ್ದಿತು. ಅದಕ್ಕೆ ಇನ್ನೊಂದು ಕೂಡಿಕೊಂಡಿತು. ಆಮೇಲೆ ಊರಿಗೆ ಊರೇ ಬಾಯಿ ತೆರೆದಂತೆ ಎಲ್ಲ ದಿಕ್ಕಿನಿಂದಲೂ. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಗಂಟುಮೋರೆಯ ನರ್ಸಮ್ಮ ಓಡಿಬಂದು, ಅಳುತ್ತ ನಗುತ್ತ, ಅವಳ ಕೂಸನ್ನೆತ್ತಿ ಮುತ್ತಿಟ್ಟು, ಮಾತೇ ಹೊರಡದೆ ಮತ್ತೆ ಓಡಿಹೋದಳು. ಹೊರಗೆ ಜನ ಕೇಕೆ ಹಾಕುತ್ತಿದ್ದರು. ‘ಏನತ್ತೆ ಇದು?’ ಎಂದು ಇವಳು ಕೇಳಿದಾಗ, ಕಾಲಬದಿಯಲ್ಲಿ ಕೂತಿದ್ದ ಅತ್ತೆ ತಲೆ ಕೂಡ ಎತ್ತದೆ, ‘ಏನಿಲ್ಲ. ನಿನ್ನ ಮಗಳು ಬಂದಳಲ್ಲ, ಅದಕ್ಕೆ ಕೂಗ್ತಿದಾರೆ. ಮಲ್ಕೋ,’ ಎಂದಿದ್ದರು. ಅತ್ತೆಗೆ ಗೊತ್ತಿತ್ತೋ, ಇಲ್ಲವೋ. ಜ್ವರ ಬಿಟ್ಟು ಇವಳು ಎದ್ದು ಓಡಾಡುವ ಹೊತ್ತಿಗೆ ಊರು ಬೇರೆ ಮಾತಿಗೆ ಹೊರಳಿತ್ತು. ಪೇಪರು ಓದಲು ಬರುತ್ತಿರಲಿಲ್ಲ. ಅತ್ತೆ ಹೇಳಿದ್ದು ಎಷ್ಟು ಚೆನ್ನಾಗಿತ್ತೆಂದರೆ, ಇನ್ನೊಬ್ಬರನ್ನು ಕೇಳಬೇಕೆಂದೂ ಅನ್ನಿಸಿರಲಿಲ್ಲ.

“ಬಂದ್ರು,” ಎಂದಳು ಗಾಜಮ್ಮ.

“ಯಾರಮ್ಮಾ?”

“ಹನ್ನೊಂದು ಜನಾನೂ. ಹೊತ್ತೇರೋಕೆ ಮುಂಚೆ ಬಂದ್ರು. ನಾನೇ ಕೇಳಿಸ್ಕೊಂಡಿದೀನಿ.”

ಆಸ್ಪತ್ರೆಯ ಆ ಬೆಳಗಿನದನ್ನೆಲ್ಲ ಅವಳು ಹೇಳಿ ಮುಗಿಸಿದಳು. ಡ್ರೈವರಣ್ಣನ ಫೋನು ಅಷ್ಟು ಹೊತ್ತು ಸುತ್ತಿ ಸುತ್ತಿ ಕಡೆಗೆ ಒಂದು ಮಸುಕು ಚಿತ್ರ ತೋರಿಸಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ. ಕಣ್ಣಿಗೆ ಬಟ್ಟೆ ಕಟ್ಟಿದ ಗಂಡಸರ ಒಂದು ಸಾಲು. ಅಷ್ಟು ದಿನದ ಕತ್ತಲಿನ ಮೇಲೆ ಒಮ್ಮೆಗೇ ಬೆಳಕು ಬೀಳಬಾರದೆಂದು ಕಟ್ಟಿದ್ದಂತೆ. ಹೊಲಿಗೆಯಕ್ಕ ಬೆರಳಿಟ್ಟು ಎಣಿಸಿದಳು. ಸರಿಯಾಗಿತ್ತು.

“ಗಾಜಮ್ಮಾ,” ಎಂದರು ಮೇಷ್ಟ್ರು ಮೆಲ್ಲಗೆ, “ಇದನ್ನು ಓದಿ ನಿಮಗೆ ಏನನ್ನಿಸಿತು?”

“ಬೇಜಾರಲ್ಲ ಮೇಷ್ಟ್ರೇ. ಖುಷಿ ಅಂದ್ರೆ ಸಣ್ಣದಾಗುತ್ತೆ. ಅಷ್ಟು ದೊಡ್ಡ ಸುದ್ದಿ ನನ್ನ ಮಂಚದ ಹತ್ರ ಬಂದು, ನನ್ನ ಕೂಸಿಗೆ ಮುತ್ತು ಕೊಟ್ಟು ಹೋಗಿದೆ. ನನಗೆ ಅದರ ಗುರುತೇ ಹತ್ತಿರಲಿಲ್ಲ. ಇದಕ್ಕೆ ಯಾವ ಪದ, ನೀವೇ ಹೇಳಿ.”

ಮೇಷ್ಟ್ರು ಕರಿಹಲಗೆಯ ಕಡೆ ಒಮ್ಮೆ ನೋಡಿ, ಸೀಮೆಸುಣ್ಣ ಕೆಳಗಿಟ್ಟರು.

ಶಾಲೆ ಬಿಟ್ಟಾಗ ಗೇಟಿನ ಬಳಿ ಮಗಳು ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದಳು. ಕತ್ತಲಾಗುತ್ತಿತ್ತು. “ಏನಮ್ಮಾ ಇಷ್ಟು ಹೊತ್ತು? ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ರಾ?” ಎಂದು ಕೂಗಿದ್ದು ಎರಡು ಬೀದಿಗೆ ಕೇಳಿಸಿತು.

ಗಾಜಮ್ಮನ ಕಾಲು ಅಲ್ಲೇ ತಡೆಯಿತು. ಇಷ್ಟು ವರ್ಷ ಈ ಹುಡುಗಿ ತನ್ನ ಹುಟ್ಟಿಗೆ ಊರೇ ಕೂಗಿತೆಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದಾಳೆ. ಅದನ್ನು ಕಿತ್ತುಕೊಳ್ಳಲೇ? ಆದರೆ ಬಚ್ಚಿಡುವಂಥ ಸುದ್ದಿಯೂ ಅಲ್ಲ ಇದು. ಸ್ಕೂಟರಿನ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು; ಕಲ್ಲಿನ ಸದ್ದು, ಕೊಳವೆ, ಆಕಾಶ ನೋಡಿದ ಇಂಜಿನಿಯರು, ಹರಿದ ಹಾಳೆ, ತಾರೀಖು.

ಎರಡು ಬೀದಿಗೆ ಕೇಳಿಸುತ್ತಿದ್ದ ಮಗಳ ದನಿ ಈಗ ತಾಯಿಗೆ ಮಾತ್ರ ಕೇಳಿಸಿತು.

“ಅಂದ್ರೆ ಸೈರನ್ ಕೂಗಿದ್ದು ನನಗಲ್ಲ.”

“ಅಲ್ಲ ಕಣೇ.”

“ಹನ್ನೊಂದು ಜನ ಕತ್ತಲಿಂದ ಹೊರಗೆ ಬಂದಿದ್ದಕ್ಕೆ.”

“ಹೂಂ.”

“ಅದೇ ಬೆಳಿಗ್ಗೆ ನಾನೂ ಬಂದೆ.” ಅವಳು ತಾಯಿಯ ಮುಖ ನೋಡಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಆ ನರ್ಸಮ್ಮನ ಹಾಗೆಯೇ. “ಅಜ್ಜಿ ಲೆಕ್ಕದಲ್ಲಿ ನನ್ನನ್ನೂ ಸೇರಿಸಿಬಿಟ್ಟಿದ್ಳು ನೋಡು.”

ಹೀಗೆಂದವಳೇ ಸ್ಕೂಟರಿನ ಹಾರನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಒತ್ತಿ ಹಿಡಿದೇ ಇದ್ದಳು. ಬೀದಿ ಬೆಚ್ಚಿಬಿತ್ತು. ನಾಯಿಯೊಂದು ಊಳಿಟ್ಟಿತು. ಶಾಲೆಯ ಕಾವಲುಗಾರ “ಏಯ್, ಏಯ್!” ಎನ್ನುತ್ತ ಓಡಿಬಂದ. ಕಿಟಕಿಗಳು ಒಂದೊಂದಾಗಿ ತೆರೆದವು. ಮೇಲಿನ ಮಹಡಿಯಿಂದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಹೊರಗೆ ಬಗ್ಗಿ, “ಏನಾಯ್ತ್ರೀ? ಯಾಕ್ರೀ ಹಾಗೆ ಕೂಗಿಸ್ತಿದೀರಾ?” ಎಂದು ಕೇಳಿದಳು.

ಗಾಜಮ್ಮ ತಲೆ ಎತ್ತಿದಳು. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು.

“ಒಳಗಿದ್ದೋರು ಹೊರಗೆ ಬಂದ್ರಮ್ಮಾ!” ಎಂದು ಕೂಗಿ ಹೇಳಿದಳು. “ಎಲ್ಲರೂ!”