ಎಡಗೈಗೆ ಒಗ್ಗುವ ಬೋರ್ಡು

ಕಾದ ಸೀಸಕ್ಕೆ ರಾಳ ತಗುಲಿದಾಗ ಏಳುವ ಹೊಗೆಗೆ ಸಿಹಿಯಾದೊಂದು ಕಮಟು ಇರುತ್ತದೆ. ನಾನು ಸಣ್ಣವಳಿದ್ದಾಗ ಗಂಗಾವತಿಯ ನಮ್ಮ ಮನೆಯ ರೇಡಿಯೊ ಕೆಟ್ಟರೆ ಅಪ್ಪ ಅದನ್ನು ಅಮೀನಸಾಬರ ಅಂಗಡಿಗೆ ಹೊತ್ತೊಯ್ಯುತ್ತಿದ್ದರು, ಅವರ ಹಿಂದೆ ನಾನು. ರಿಪೇರಿಯಾಗಿ ಮನೆಗೆ ಬಂದ ಮೇಲೂ ರೇಡಿಯೊದೊಳಗಿಂದ ಆ ವಾಸನೆ ಬರುತ್ತಿತ್ತು. ಹಾಡಿಗೇ ಆ ವಾಸನೆ ಇರುತ್ತದೆ ಎಂದು ನಾನು ನಂಬಿದ್ದೆ.

೧೯೮೮ರ ಮಹಾನವಮಿಯ ಮರುದಿನ ಅದೇ ವಾಸನೆ ನಮ್ಮ ಪಡಸಾಲೆಯನ್ನು ತುಂಬಿತು. ಈ ಸಲ ಯಾರೂ ಏನನ್ನೂ ರಿಪೇರಿ ಮಾಡುತ್ತಿರಲಿಲ್ಲ. ನನ್ನ ತಮ್ಮ ವಿರುಪಣ್ಣನ ಆಟದ ಕಂಪ್ಯೂಟರು ಸುಡುತ್ತಿತ್ತು.

ವಿರುಪಣ್ಣ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಹಿಂದಿನ ಸುಗ್ಗಿಯಲ್ಲಿ ಓಡುತ್ತಿದ್ದ ಬೆಲ್ಟು ಅವನ ಬಲಗೈಯನ್ನು ಮೊಣಕೈವರೆಗೆ ಎಳೆದುಕೊಂಡಿತು. ಆಸ್ಪತ್ರೆಯಿಂದ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅವನನ್ನು ಎಬ್ಬಿಸಿದ್ದು ಅಮೀನಸಾಬರ ಮಗ ದಾದೇಸಾಬ. ಅಪ್ಪನ ಅಂಗಡಿ ಈಗ ಅವನದಾಗಿತ್ತು. ದುಬೈಯಿಂದ ತನ್ನ ಭಾವಮೈದುನ ತಂದಿದ್ದ ಕಂಪ್ಯೂಟರೊಂದನ್ನು ನಮ್ಮ ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿಗೆ ಆಟದ ಕ್ಯಾಸೆಟ್ ಹಾಕಿ, ಆಡಿಸುವ ಹಿಡಿಕೆಯನ್ನು ತಮ್ಮನ ಎಡಗೈಗೆ ಕೊಟ್ಟು, "ಸ್ವಲ್ಪ ಹಿಡಕೊಂಡಿರೋ, ಚಾ ಕುಡ್ದು ಬರ್ತೀನಿ" ಎಂದು ಹೋದವನು ಸಂಜೆವರೆಗೆ ಬರಲೇ ಇಲ್ಲ. ಬೇಕೆಂದೇ ಬರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅಂದು ವಿರುಪಣ್ಣ, "ಯವ್ವಾ, ಸತ್ತೆ ನೋಡು!" ಎಂದು ಕೂಗಿದ. ಅವ್ವ ಗಾಬರಿಯಾಗಿ ಓಡಿಬಂದರೆ ಟಿವಿಯ ಮುಂದೆ ಕೂತು ನಗುತ್ತಿದ್ದ.

ಮಹಾನವಮಿಗೆ ನಮ್ಮೂರ ಮಿಲ್ಲುಗಳಲ್ಲಿ ಮೋಟರಿನಿಂದ ತಕ್ಕಡಿಯವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು ನೀರು ಚಿಮುಕಿಸುತ್ತಾರೆ. ಹೋದ ವರ್ಷದ ಪೂಜೆಯಲ್ಲಿ ಏನೋ ಕಡಿಮೆಯಾಗಿತ್ತು, ಅದಕ್ಕೇ ಬೆಲ್ಟು ಮಗನ ಕೈ ಕೇಳಿತು ಎಂದು ನಮ್ಮವ್ವ ಮುದಕಮ್ಮ ಒಳಗೊಳಗೇ ನಂಬಿದ್ದಳು. ಈ ಸಲ ಕಡಿಮೆ ಮಾಡಲಿಲ್ಲ. ಕಂಪ್ಯೂಟರಿನ ಗುಂಡಿಗಳ ಮೇಲೆ ಕಾಯಿನೀರು ಧಾರಾಳವಾಗಿ ಬಿತ್ತು. ಮರುದಿನ ತಮ್ಮ ಸ್ವಿಚ್ ಹಾಕಿದ.

"ಒಂದು ಕೈ ಮಿಲ್ಲು ತಿಂತು, ಇನ್ನೊಂದು ನೀ ತಿಂದಿ," ಎಂದ ಅವ್ವನಿಗೆ. ಮತ್ತೆ ಗೋಡೆಯ ಕಡೆ ತಿರುಗಿದ. ಊಟ ಬಿಟ್ಟ. ಅವ್ವನೂ ಬಿಟ್ಟಳು. ನಾನು ಪಾಠ ಹೇಳುತ್ತಿದ್ದ ತಾವರಗೇರಾದ ಹೈಸ್ಕೂಲಿಗೆ ರಜೆ ಬರೆದು, ಇಬ್ಬರ ನಡುವೆ ತುಂಬಿದ ತಾಟು ಹಿಡಿದು ಓಡಾಡಿದೆ. "ಅಕ್ಕಾ, ನನ್ನ ಬಿಟ್ಟುಬಿಡ್ರಿ," ಎನ್ನುತ್ತಿದ್ದ. ಕೈ ಹೋದಾಗಲೂ ಅವನು ಹಾಗೆ ಮಾತಾಡಿರಲಿಲ್ಲ. ಕಾಲುವೆ ನಮ್ಮ ಓಣಿಗೆ ದೂರವಿರಲಿಲ್ಲ. ಅವನು ಎದ್ದು ಬಾಗಿಲ ಕಡೆ ಹೋದರೆ ಸಾಕು, ತಾಟು ಕೆಳಗಿಟ್ಟು ನಾನೂ ಹಿಂದೆ ಹೋಗುತ್ತಿದ್ದೆ.

ದಾದೇಸಾಬ ಯಂತ್ರವನ್ನು ಅಂಗಡಿಗೆ ಒಯ್ದು ಬಿಚ್ಚಿ ನೋಡಿದ. ಎಲ್ಲವನ್ನೂ ನಡೆಸುವ ಮುಖ್ಯ ಬೋರ್ಡೇ ಕರಕಲಾಗಿತ್ತು. ಹೈದರಾಬಾದಿನ ವ್ಯಾಪಾರಿಗೆ ಹೇಳಿ, ಬಸ್ಸಿನ ಡ್ರೈವರ್ ಕೈಲಿ ಎರಡು ಬೋರ್ಡು ತರಿಸಿದ. ಒಂದನ್ನು ಅಂದೇ ಸಂಜೆಯ ಬಸ್ಸಿಗೆ ವಾಪಸು ಕಳಿಸುವುದಾಗಿ ಮಾತು ಕೊಟ್ಟಿದ್ದ.

"ನೋಡ್ರಿ ಅಕ್ಕಾರ, ಇದು ಹಳೇದು. ಅವನ ಕ್ಯಾಸೆಟ್ ಎಲ್ಲಾ ಓಡತಾವ, ಹಿಡಿಕಿನೂ ಕೂಡತೈತಿ. ಆದ್ರ ಒಮ್ಮೆ ಕೆಟ್ಟು ಬೆಸುಗಿ ಕಂಡದ್ದು. ನಾಳೆ ಹೋತು ಅಂದ್ರ ಇಂಥಾದು ಮತ್ತ ಸಿಗೂದಿಲ್ಲ. ಇದು ಹೊಸಾದು. ಮೆಮೊರಿ ಭಾಳ, ಬಣ್ಣ ಛಲೋ, ವರ್ಷಗಟ್ಲೆ ಬಾಳತೈತಿ. ಹಿಡಿಕಿಗೆ ಮಾತ್ರ ಜಾಗಾ ಇಲ್ಲ. ಗುಂಡಿ ಒತ್ತೇ ಆಡಬೇಕು."

"ಹಿಡಿಕಿ ನೀನ ಕೂಡಿಸಾಕ ಬರೂದಿಲ್ಲೇನು?"

"ಬೆಸುಗಿ ತಪ್ಪಿದ್ರ ಬೋರ್ಡೇ ಹೋಗತೈತ್ರಿ. ಅವನ ಮುಂದ ಎರಡನೇದೂ ಸುಟ್ಟು ನಿಂತ್ರ..." ಎರಡೂ ಬೋರ್ಡನ್ನು ನನ್ನ ಕಡೆ ಸರಿಸಿದ. "ನೀವು ಬಿ.ಎಸ್ಸಿ. ಮಾಡೀರಿ, ನೀವ ಹೇಳ್ರಿ."

"ಧಾರವಾಡದಾಗ ನನಗ ಕಪ್ಪಿ ಕೊಯ್ಯಾಕ ಕಲಿಸ್ಯಾರಪ್ಪ."

"ಹಂಗಾರ ಕಪ್ಪಿ ಕೆಟ್ಟಾಗ ಕೇಳ್ತೀನಿ ಬಿಡ್ರಿ." ಇಬ್ಬರಿಗೂ ನಗು ಬರಲಿಲ್ಲ.

ಮನೆಗೆ ಓಡಿ ತಮ್ಮನನ್ನೇ ಕೇಳಿದೆ. "ಯಾವುದೂ ಬ್ಯಾಡ," ಎಂದ, ಗೋಡೆಗೆ. ಒಲೆಯ ಮುಂದಿದ್ದ ಅವ್ವ ಅದನ್ನು ಕೇಳಿ ಎದ್ದಳು. ಚಪ್ಪಲಿ ಕೂಡ ಮೆಟ್ಟದೆ, ನಿತ್ರಾಣಕ್ಕೆ ಓಣಿಯ ಗೋಡೆ ಹಿಡಿಯುತ್ತ ಅಂಗಡಿಗೆ ನಡೆದಳು. ನಾನು ಹಿಂದೆ ಹೋದೆ.

"ಇದನ್ನ ಹಿಂದಕ್ಕ ಕಟ್ಟು," ಎಂದು ಬಲಗೈ ಚಾಚಿದಳು. ಅವಳದೇ ಸೆರಗಿನ ತುದಿಯಿಂದ ಆ ಕೈಯನ್ನು ಬೆನ್ನಿಗೆ ಕಟ್ಟಿದೆ. ದಾದೇಸಾಬ ಅಂಗಡಿಯ ಟಿವಿಗೆ ಜೋಡಿಸಿಕೊಟ್ಟ ಹೊಸ ಬೋರ್ಡಿನ ಮುಂದೆ ಅವ್ವ ಕೂತಳು. ಟಿವಿಯಲ್ಲಿ ತಗ್ಗು ಹಾರಬೇಕಾದ ಒಬ್ಬ ಸಣ್ಣ ಮನುಷ್ಯ. ಅವನನ್ನು ಓಡಿಸುವುದು ಕೀಲಿಮಣೆಯ ಒಂದು ತುದಿಗೆ, ಹಾರಿಸುವುದು ಇನ್ನೊಂದು ತುದಿಗೆ. ಅವ್ವನ ಎಡಗೈ ಅಲ್ಲಿಂದಿಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಬಿದ್ದಿರುತ್ತಿದ್ದ.

"ಸತ್ತ. ಮತ್ತ ಹಚ್ಚು."

ಟ್ರಾನ್ಸಿಸ್ಟರ್ ರಿಪೇರಿಗೆ ಬಂದಿದ್ದವನೊಬ್ಬ ನಕ್ಕ. "ಈ ವಯಸ್ಸಿನ್ಯಾಗ ಎಲ್ಲಿಗೆ ಹಾರಾಕ ಹೊಂಟೀಬೇ ಮುದುಕಿ?"

"ನಿನ್ನಂಥಾವ್ರನ್ನ ದಾಟಾಕ," ಎಂದಳು ಅವ್ವ, ಕಣ್ಣು ಕೀಳದೆ. ದಾದೇಸಾಬ ಅವನ ಟ್ರಾನ್ಸಿಸ್ಟರನ್ನು ಅವನ ಕೈಗೇ ಕೊಟ್ಟು, "ನಾಳೆ ಬರ್ರಿ ಯಜಮಾನ್ರ" ಎಂದು ಸಾಗಹಾಕಿದ.

ಸತ್ತ, ಮತ್ತೆ ಸತ್ತ. ಬೆನ್ನಿಗೆ ಕಟ್ಟಿದ್ದ ಕೈ ಪ್ರತಿ ಸಲವೂ ತಾನಾಗಿ ಮಿಡುಕುತ್ತಿತ್ತು. ದಾದೇಸಾಬ ಹಳೆಯ ಬೋರ್ಡಿಗೆ ಬದಲಿಸಿದ. ಹಿಡಿಕೆಯನ್ನು ಮಡಿಲಲ್ಲಿ ಅವುಚಿಕೊಂಡು ಅವ್ವ ಅವನನ್ನು ಒಂದು ತಗ್ಗು ದಾಟಿಸಿದಳು. ಎರಡನೆಯದರಲ್ಲಿ ಬಿದ್ದ. ಅವಳು ಸದ್ದಿಲ್ಲದೆ ಅಳುತ್ತಿದ್ದಳು. ಬಸ್ ನಿಲ್ದಾಣದಿಂದ ಹಾರ್ನು ಕೇಳಿಸಿತು.

"ಅಕ್ಕಾ, ಅವ್ವ ಎಲ್ಲಿ?"

ಬಾಗಿಲಲ್ಲಿ ವಿರುಪಣ್ಣ ಏದುಸಿರು ಬಿಡುತ್ತ ನಿಂತಿದ್ದ. ಕೈ ಹೋದ ಮೇಲೆ ಹಗಲಿನಲ್ಲಿ ಬೀದಿಗೆ ಬಂದವನೇ ಅಲ್ಲ. ಖಾಲಿ ಮನೆ ನೋಡಿ ಅವನಿಗೂ ಕಾಲುವೆಯೇ ನೆನಪಾಗಿತ್ತೋ ಏನೋ. ಅವನ ಕಣ್ಣು ಅವ್ವನ ಬೆನ್ನ ಮೇಲಿನ ಗಂಟಿಗೆ ಹೋಗಿ ಅಲ್ಲೇ ನಿಂತಿತು.

ಅವಳ ಹಿಂದೆ ಕುಳಿತು ಗಂಟು ಬಿಚ್ಚಲು ನೋಡಿದ. ಒಂದು ಕೈಗೆ ಅದು ಸಡಿಲಲಿಲ್ಲ. ನಾನು ಮುಂದಾದರೆ ದಾದೇಸಾಬ ಕಣ್ಣಲ್ಲೇ ಬೇಡವೆಂದ. ವಿರುಪಣ್ಣ ಬಾಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದ.

"ಅಷ್ಟು ಬಿಗಿ ಹಿಡೀಬಾರದಬೇ ಯವ್ವಾ ಹಿಡಿಕಿ," ಎಂದ. ಆಮೇಲೆ ದಾದೇಸಾಬನಿಗೆ, "ಹಳೇದ ಇರ್ಲಿ."

"ನಾಳೆ ಹೋದ್ರ ನನ್ನ ಬೈಬ್ಯಾಡ ಮತ್ತ."

"ಹೋದ್ರ ಹೋಗ್ಲಿ. ಇರೂತನಾ ಆಡ್ತೀನಿ."

ದಾದೇಸಾಬ ಹೊಸ ಬೋರ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದ. ಹಳೆಯದು ನಾಳೆಯವರೆಗಾದರೂ ಬಾಳೀತೇ ಎಂದು ನಾನು ಅದನ್ನೇ ನೋಡುತ್ತ ನಿಂತೆ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು.

ಅಂಗಡಿಯ ಹಿಂದಿನ ಮನೆಯ ಪರದೆ ಸರಿಯಿತು. ದಾದೇಸಾಬನ ಹೆಂಡತಿ ಮೈಮುನಬಿ ಎರಡು ತಾಟು ತಂದಳು. ಒಂದೇ ಕೈಯಲ್ಲಿ ಜೋಳದ ರೊಟ್ಟಿ ಮುರಿಯಲಾಗುವುದಿಲ್ಲ. ಅವಳು ಎರಡೂ ತಾಟಿನಲ್ಲಿ ರೊಟ್ಟಿಯನ್ನು ಮೊದಲೇ ಮುರಿದು ಬೇಳೆಯಲ್ಲಿ ನೆನೆಸಿ, ಎರಡಕ್ಕೂ ಚಮಚ ಇಟ್ಟಿದ್ದಳು, ಯಾವುದು ಯಾರಿಗೆಂದು ಗೊತ್ತಾಗದ ಹಾಗೆ. ಒಂದನ್ನು ಅವ್ವನಿಗೆ ಕೊಟ್ಟಳು. ಇನ್ನೊಂದನ್ನು ವಿರುಪಣ್ಣನ ಎಡಗೈ ಬಳಿ ಹಿಡಿದು, ಅವನು ತೆಗೆದುಕೊಳ್ಳುವವರೆಗೆ ನಿಂತಳು.