ಮಗಳ ಕಿವಿಯಲ್ಲಿ ಮರದ ಅಂಟು

ಬಡಗಿಯ ಮನೆಗೂ ಅವನ ಕೆಲಸದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಈಚೆ ಕರೆಂಟು ಗರಗಸ ಕಿರ್ರೆಂದರೆ ಸಾಕು, ಆಚೆ ಮಗಳು ಪುಟ್ಟಿ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಆರು ವರ್ಷವಾದರೂ ನಾಲ್ಕು ಮಾತು ನೆಟ್ಟಗೆ ಆಡದ ಹುಡುಗಿ. ಆಟಿಸಂ ಎಂದು ಡಾಕ್ಟರು ಹೇಳಿದ್ದರು. ಬಡಗಿ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

“ಎಲ್ಲಾ ಹಟ ಕಣೇ. ನನಗೂ ಮೊದಮೊದಲು ತಲೆ ಸಿಡೀತಿತ್ತು, ಆಮೇಲೆ ರೂಢಿ ಆಯ್ತು. ಇವಳಿಗೂ ಆಗುತ್ತೆ ಬಿಡು,” ಎಂದು ಹೆಂಡತಿಯ ಬಾಯಿ ಮುಚ್ಚಿಸಿ, ದಿನಾ ಮಗಳನ್ನು ಗರಗಸದ ಪಕ್ಕದಲ್ಲೇ ಕೂರಿಸತೊಡಗಿದ. ಕೆಲವು ದಿನಕ್ಕೆ ಕಿರುಚಾಟ ನಿಂತಿತು. “ನೋಡಿದ್ಯಾ?” ಎಂದು ಮೀಸೆ ತಿರುವಿದ.

ಒಂದು ಬೆಳಿಗ್ಗೆ ಎಷ್ಟು ಕೂಗಿದರೂ ಪುಟ್ಟಿ ತಿರುಗಲಿಲ್ಲ. ಹತ್ತಿರ ಹೋಗಿ ಕೂದಲು ಸರಿಸಿ ನೋಡಿದ. ಮರದ ಬಿರುಕು ಮುಚ್ಚಲು ಅವನು ಮರದ ಪುಡಿಗೆ ಅಂಟು ಕಲಸುತ್ತಿದ್ದುದನ್ನು ನೋಡಿ ನೋಡಿ ಕಲಿತಿದ್ದಳು. ಅದನ್ನೇ ಎರಡೂ ಕಿವಿಗೆ ತುಂಬಿಕೊಂಡಿದ್ದಳು. ಅದು ಕಲ್ಲಿನಂತೆ ಗಟ್ಟಿಯಾಗಿತ್ತು.

ಆಸ್ಪತ್ರೆಯಲ್ಲಿ ತೆಗೆಯುವಷ್ಟರಲ್ಲಿ ಸಾಕುಬೇಕಾಯಿತು. ಪುಣ್ಯಕ್ಕೆ ಕಿವಿ ಉಳಿಯಿತು. ಅಲ್ಲೇ ನರ್ಸ್ ಆಗಿದ್ದ ನಾದಿನಿ ಅವನನ್ನು ಬೆಂಚಿನ ಮೇಲೆ ಕೂರಿಸಿದಳು.

“ಭಾವ, ಮಿದುಳಲ್ಲಿ ಕೆಲವು ಕೋಶಗಳು ‘ಏಳು, ಓಡು’ ಅಂತ ಎಬ್ಬಿಸ್ತವೆ. ಇನ್ನು ಕೆಲವು ‘ಸಾಕು, ಸುಮ್ನಿರು’ ಅಂತ ತಡೀತವೆ. ಸದ್ದು ಜಾಸ್ತಿ ಆದಾಗ ನಿಮ್ಮ ತಲೇಲಿ ಈ ತಡೆಯೋ ಕೋಶಗಳು ಅದನ್ನ ತಗ್ಗಿಸ್ತವೆ. ಆಟಿಸಂ ಇರೋ ಕೆಲವರಲ್ಲಿ ಆ ಕೆಲಸ ಸರಿಯಾಗಿ ನಡೆಯಲ್ವೇನೋ ಅಂತಾರೆ ಸಂಶೋಧಕರು. ಸದ್ದೆಲ್ಲ ಹಾಗೇ ಒಳಗೆ ನುಗ್ಗುತ್ತೆ.”

“ಗದರಿಸಿದ್ರೆ ಸರಿಹೋಗಲ್ವಾ?”

“ಜ್ವರ ಬಂದ್ರೆ ಗದರಿಸ್ತೀರಾ? ಇಲ್ಲದ ದನಿ ಕೇಳಿಸೋ ಸ್ಕಿಜೋಫ್ರೇನಿಯಾ ಇದೆಯಲ್ಲ, ಅಂಥ ಮಾನಸಿಕ ಕಾಯಿಲೆಗಳಲ್ಲೂ ಈ ಕೋಶಗಳ ಏರುಪೇರು ಕಂಡಿದ್ದಾರೆ. ಪೂರ್ತಿ ಇನ್ನೂ ಗೊತ್ತಾಗಿಲ್ಲ. ಆದ್ರೆ ಆಟಿಸಂ ಬರೋದು ಹೆತ್ತವರ ತಪ್ಪಿಂದ ಅಲ್ಲ, ಅದಂತೂ ಗೊತ್ತು.”

“ಅಲ್ಲಿ ಕೂರಿಸಿದ್ದು ನನ್ನ ತಪ್ಪೇ ಅಲ್ವಾ?”

ನಾದಿನಿ ಆಟಿಸಂ ಮಕ್ಕಳ ತರಬೇತಿ ಕೇಂದ್ರದ ವಿಳಾಸ ಬರೆದ ಚೀಟಿಯನ್ನು ಅವನ ಕೈಗಿಟ್ಟಳು.

ಆ ವಾರವೇ ಬಡಗಿ ಗರಗಸವನ್ನು ಬೀದಿಯ ಕೊನೆಯ ಬಾಡಿಗೆ ಶೆಡ್ಡಿಗೆ ಸಾಗಿಸಿದ. ಮಗಳ ಕಿವಿಗೆ ಸದ್ದು ತಡೆಯುವ ಮುಚ್ಚಳ ತಂದ, ತರಬೇತಿಗೆ ತಾನೇ ಕರೆದೊಯ್ದ. ಆದರೆ ಇವತ್ತಿಗೂ ಅವನು ತಲೆ ಸವರಲು ಕೈ ಚಾಚಿದರೆ ಪುಟ್ಟಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಅವನು ಕೈ ಹಿಂತೆಗೆಯುತ್ತಾನೆ.

ನಿಮ್ಮ ಮನೆಯ ಮಗು ಕಿವಿ ಮುಚ್ಚಿಕೊಂಡರೆ ಮೊದಲು ಸದ್ದು ನಿಲ್ಲಿಸಿ. ತಡಮಾಡದೆ ಮಕ್ಕಳ ಡಾಕ್ಟರನ್ನು ಕಾಣಿ. ದಯವಿಟ್ಟು ಹಟ ಮುರಿಯಲು ಹೋಗಬೇಡಿ, ಅಲ್ಲಿ ಮುರಿಯಲು ಹಟವೇ ಇಲ್ಲ, ಮಗು ಮಾತ್ರ ಇದೆ.